ಸಾಹಸ ತಂಡ ಸೇರಬೇಕೇ? ಹೀಗೆ ಶುರು ಮಾಡಿ

ಚಾರಣ ಹೋಗಬೇಕು, ಟೆಂಟ್‌ನಲ್ಲಿ ಮಲಗಬೇಕು, ಬಂಡೆ ಹತ್ತಬೇಕು ಎಂಬ ಆಸೆ ಹದಿಮೂರು–ಹದಿನಾಲ್ಕರ ವಯಸ್ಸಿನಲ್ಲಿ ಜೋರಾಗಿರುತ್ತದೆ. ಒಬ್ಬರೇ ಹೋಗುವ ಹಾಗಿಲ್ಲ. ಗೆಳೆಯರೆಲ್ಲ ಸೇರಿ ಹೊರಟರೆ ಖುಷಿಯೇನೋ ಸಿಗುತ್ತದೆ, ಆದರೆ ದಾರಿ ತಪ್ಪಿದಾಗ ಏನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಹದಿಹರೆಯದವರ ಸಾಹಸ ತಂಡಗಳು ಇರುವುದೇ ಇದಕ್ಕೆ. ಸೇರುವುದು ಕಷ್ಟವಲ್ಲ. ಸರಿಯಾದ ತಂಡ ಹುಡುಕುವುದಕ್ಕೆ ಮಾತ್ರ ತಾಳ್ಮೆ ಬೇಕು.

ಯಾವ ಬಗೆಯ ತಂಡ?

ಮೊದಲು ನಿಮಗೆ ಏನು ಬೇಕು ಅಂತ ನೋಡಿಕೊಳ್ಳಿ. ವಾರವಾರ ಸೇರಿ ನಿಧಾನವಾಗಿ ಕಲಿಯುವ ಮನಸ್ಸಿದ್ದರೆ ಸ್ಕೌಟ್ಸ್, ಗೈಡ್ಸ್‌ನಂಥ ತಂಡ ಸರಿ. 1907ರಲ್ಲಿ ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ನಡೆಸಿದಾಗ ಹುಡುಗರನ್ನು 'ಪೆಟ್ರೋಲ್' ಎಂಬ ನಾಲ್ಕು ಚಿಕ್ಕ ಗುಂಪುಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕ ಮಾಡಿದ್ದರು. ಆ ಪದ್ಧತಿ ಇವತ್ತಿಗೂ ಇದೆ. ಗುರಿ ಇಟ್ಟುಕೊಂಡು ಕೆಲಸ ಮಾಡುವವರಿಗೆ 1956ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ ಈಗ ಅನೇಕ ದೇಶಗಳಲ್ಲಿರುವ ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡ್ ಇದೆ. 14ರಿಂದ 24 ವರ್ಷದವರು ಸೇರಬಹುದು. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತ. ಚಾರಣದ ಜೊತೆ ಸೇವೆ, ವ್ಯಾಯಾಮ, ಒಂದು ಕೌಶಲ ಎಲ್ಲವನ್ನೂ ಮಾಡಬೇಕಾಗುತ್ತದೆ. ರಜೆಯಲ್ಲಿ ಮಾತ್ರ ಬಿಡುವು ಅನ್ನುವವರಿಗೆ ಔಟ್‌ವರ್ಡ್ ಬೌಂಡ್ ತರಹದ ಸಂಸ್ಥೆಗಳ ಕೆಲವು ದಿನಗಳ ಶಿಬಿರಗಳು ಅನುಕೂಲ. ಬಂಡೆ ಹತ್ತುವುದೋ ಕಯಾಕಿಂಗೋ (ಚಿಕ್ಕ ದೋಣಿಗೆ ಹುಟ್ಟು ಹಾಕುವುದು) ಒಂದೇ ಸಾಕು ಅಂದರೆ, ಅದರದ್ದೇ ಕ್ಲಬ್‌ಗಳಲ್ಲಿ ಕಿರಿಯರ ವಿಭಾಗ ಇದೆಯಾ ಕೇಳಿ.

ಸೇರುವ ಮೊದಲು ಹೋಗಿ ನೋಡಿ

ಫೋಟೋ ನೋಡಿ ತಂಡ ಆರಿಸಬೇಡಿ. ಬೆಟ್ಟದ ತುದಿಯಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ. ಒಂದೆರಡು ಸಭೆಗೆ ಬಂದು ಕೂರಬಹುದಾ ಅಂತ ಕೇಳಿ. ಕೇಳುವುದು ನೀವೇ ಆಗಿರಲಿ, ಅಪ್ಪ–ಅಮ್ಮನ ಕೈಲಿ ಕೇಳಿಸಬೇಡಿ. ಫೋನ್ ಮಾಡಲು ಸಂಕೋಚವಾದರೆ ನಾಲ್ಕು ಸಾಲು ಬರೆದು ಕಳಿಸಿ: ಹೆಸರು, ವಯಸ್ಸು, ಏನು ಕಲಿಯುವ ಆಸೆ, ಯಾವ ದಿನ ಬಿಡುವು. ಅಷ್ಟು ಸಾಕು.

ಹೋದಾಗ ಒಂದು ವಿಷಯ ಗಮನಿಸಿ. ಮುಂದಿನ ಚಾರಣ ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಡುವುದು, ಏನು ಅಡುಗೆ ಅಂತ ಮಾತಾಡುತ್ತಿರುವವರು ಯಾರು? ಹುಡುಗ–ಹುಡುಗಿಯರೇ ನಕ್ಷೆ ಬಿಚ್ಚಿಕೊಂಡು ವಾದ ಮಾಡುತ್ತಿದ್ದು, ದೊಡ್ಡವರು ಪಕ್ಕದಲ್ಲಿ ಕೂತು ಎಡವಟ್ಟಾಗುವ ಕಡೆ ಮಾತ್ರ ಬಾಯಿ ಹಾಕುತ್ತಿದ್ದರೆ ಅದು ಒಳ್ಳೆಯ ತಂಡ. ಎಲ್ಲವನ್ನೂ ದೊಡ್ಡವರೇ ಹೇಳಿ ಮಕ್ಕಳು ಸಾಲಾಗಿ ನಡೆಯುವ ಕಡೆ ನೀವು ಸುಮ್ನೆ ಪ್ರವಾಸಿಗರಾಗಿ ಉಳಿಯುತ್ತೀರಿ.

ಸಾಧ್ಯವಾದರೆ ಒಂದು ದಿನದ ಚಾರಣಕ್ಕೂ ಹೋಗಿ ಬನ್ನಿ. ದಣಿವಾರಿಸಿಕೊಳ್ಳಲು ನಿಂತಾಗ ಏನಾಗುತ್ತದೆ ನೋಡಿ. ಮುಂದಿದ್ದವರು ಮೊದಲೇ ಬಂದು ಕೂತು, ನೀರು ಕುಡಿದು ಸುಧಾರಿಸಿಕೊಂಡಿರುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದು ತಲುಪಿದ ತಕ್ಷಣ 'ಸರಿ, ಹೊರಡೋಣ' ಎಂದು ಎಲ್ಲರೂ ಎದ್ದುಬಿಟ್ಟರೆ, ಯಾರಿಗೆ ವಿಶ್ರಾಂತಿ ಜಾಸ್ತಿ ಬೇಕಿತ್ತೋ ಅವರಿಗೇ ಸಿಗಲಿಲ್ಲ ಅಲ್ವಾ? ತಿಳಿದ ನಾಯಕರು ನಿಧಾನ ನಡೆಯುವವರನ್ನು ಮುಂದೆ ಬಿಟ್ಟು ಅವರ ವೇಗಕ್ಕೇ ಎಲ್ಲರನ್ನೂ ನಡೆಸುತ್ತಾರೆ. ಅನುಭವ ಇರುವ ಒಬ್ಬರು ಕೊನೆಯಲ್ಲಿ ಬರುತ್ತಾರೆ. ನನ್ನ ಮಟ್ಟಿಗೆ ಯಾವ ಸರ್ಟಿಫಿಕೇಟಿಗಿಂತಲೂ ಇದು ದೊಡ್ಡ ಪರೀಕ್ಷೆ.

ಮನೆಯವರು ಕೇಳಬೇಕಾದ ಪ್ರಶ್ನೆ

ಹದಿನೆಂಟು ತುಂಬದವರಿಗೆ ಮನೆಯವರ ಸಹಿ ಬೇಕೇ ಬೇಕು. ಸಹಿ ಹಾಕುವ ಮೊದಲು ಅವರು ನೇರವಾಗಿ ಕೇಳಲಿ. ಜೊತೆಗೆ ಬರುವ ದೊಡ್ಡವರ ಹಿನ್ನೆಲೆ ಪರಿಶೀಲನೆ ಆಗಿದೆಯಾ? ಪ್ರಥಮ ಚಿಕಿತ್ಸೆಯ ತರಬೇತಿ ಯಾರಿಗಿದೆ? ವಿಮೆ ಇದೆಯಾ? ಯಾವ ಮಗುವಿನ ಜೊತೆಗೂ ದೊಡ್ಡವರೊಬ್ಬರೇ ಒಂಟಿಯಾಗಿ ಇರಬಾರದು ಎಂಬ ನಿಯಮ ಇದೆಯಾ? ಒಳ್ಳೆಯ ತಂಡದವರು ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಖ ಸಿಂಡರಿಸಿದರೆ ಬೇರೆ ತಂಡ ನೋಡಿ.

ಆರೋಗ್ಯದ ಫಾರ್ಮ್‌ನಲ್ಲಿ ಏನನ್ನೂ ಮುಚ್ಚಿಡಬೇಡಿ. ಆಸ್ತಮಾ, ಜೇನುನೊಣ ಕಚ್ಚಿದರೆ ಅಲರ್ಜಿ, ನಿದ್ದೆಯಲ್ಲಿ ನಡೆಯುವುದು, ಹಾಸಿಗೆ ಒದ್ದೆಯಾಗುವುದು ಎಲ್ಲ ಬರೆಯಿರಿ. ಇದನ್ನೆಲ್ಲ ಹೇಳಿದರೆ ಸೇರಿಸಿಕೊಳ್ಳುವುದಿಲ್ಲ ಎಂಬ ಭಯ ಬೇಡ. ರಾತ್ರಿ ಹೊತ್ತು ಕಾಡಿನ ನಡುವೆ ಇನ್‌ಹೇಲರ್ ಹುಡುಕುವಾಗ, ಅದು ಯಾವ ಜೇಬಿನಲ್ಲಿದೆ ಅಂತ ಇನ್ನೊಬ್ಬರಿಗೂ ಗೊತ್ತಿರಬೇಕು.

ಸಾಮಾನು: ಮೊದಲು ಶೂ

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಟೆಂಟ್, ಸ್ಟೋವ್, ಹಗ್ಗ, ಹೆಲ್ಮೆಟ್ ಸಾಮಾನ್ಯವಾಗಿ ತಂಡದಲ್ಲೇ ಇರುತ್ತವೆ. ಬ್ಯಾಗ್, ಸ್ಲೀಪಿಂಗ್ ಬ್ಯಾಗ್ ಎರವಲು ಸಿಗುತ್ತದಾ ಕೇಳಿ. ಶೂ ಮಾತ್ರ ನಿಮ್ಮದೇ ಇರಲಿ. ಚಾರಣದಲ್ಲಿ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುತ್ತದೆ, ಹಾಗಾಗಿ ಬೆರಳಿನ ಮುಂದೆ ಸ್ವಲ್ಪ ಜಾಗ ಬೇಕು. ಹೊಸ ಶೂವನ್ನು ಮೊದಲು ಓಡಾಟದಲ್ಲಿ ಪಳಗಿಸಿ.

ನಡೆಯುವಾಗ ಹಿಮ್ಮಡಿ ಬಿಸಿಯಾಗಿ ಉರಿಯತೊಡಗಿದರೆ ಅಲ್ಲೇ ನಿಲ್ಲಿ. ಅದು ಬೊಬ್ಬೆ ಏಳುವ ಸೂಚನೆ. ಆ ಹೊತ್ತಿಗೆ ಕಾಲು ಒರೆಸಿ ಟೇಪ್ ಅಂಟಿಸಿದರೆ ಐದು ನಿಮಿಷದ ಕೆಲಸ. ನಾಚಿಕೆಯಿಂದ ಸುಮ್ಮನಿದ್ದರೆ ಮಾರನೆಯ ದಿನವಿಡೀ ಕುಂಟಬೇಕು.

ಚಳಿ ಇರುವ ಕಡೆಗೆ ಹತ್ತಿಯ ಬಟ್ಟೆ ಬೇಡ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ವಾಸಿ. ಬ್ಯಾಗಿನ ತೂಕ ನಿಮ್ಮ ತೂಕದ ಐದನೇ ಒಂದು ಪಾಲು ದಾಟದಿರಲಿ. 50 ಕಿಲೋ ಇರುವವರಿಗೆ 10 ಕಿಲೋ ಸಾಕು. ಸೊಂಟದ ಪಟ್ಟಿ ಬಿಗಿದರೆ ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ.

ಮೊದಲ ತಿಂಗಳುಗಳಲ್ಲಿ

ಎರಡು ಮೂರು ಗಂಟು ಚೆನ್ನಾಗಿ ಕಲಿಯಿರಿ. ಬೋಲೈನ್, ಕ್ಲೋವ್ ಹಿಚ್, ಎಂಟರ ಆಕಾರದ ಗಂಟು ಬಂದರೆ ಬಹಳಷ್ಟು ಕೆಲಸ ನಡೆಯುತ್ತದೆ. ಹೊತ್ತಿನ ಲೆಕ್ಕ ಹಾಕುವುದನ್ನೂ ಕಲಿಯಿರಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 10 ಕಿಲೋಮೀಟರ್ ದಾರಿಯಲ್ಲಿ 600 ಮೀಟರ್ ಏರಿದ್ದರೆ ಮೂರು ಗಂಟೆ. ಹೊಸಬರ ಗುಂಪಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ, ವಿಶ್ರಾಂತಿಯ ಹೊತ್ತು ಬೇರೆ. ಸೀಟಿಯೊಂದು ಯಾವಾಗಲೂ ಕೈಗೆ ಸಿಗುವಂತಿರಲಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಆಲ್ಪ್ಸ್ ಕಡೆಯ ಅಪಾಯದ ಸಂಕೇತ. ಕೆಲವು ದೇಶಗಳಲ್ಲಿ ಮೂರು ಸಲ ಊದುತ್ತಾರೆ. ನಿಮ್ಮ ತಂಡದ್ದು ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಯಾರ ಪರಿಚಯವೂ ಇಲ್ಲದಿದ್ದರೆ ಪಾತ್ರೆ ತೊಳೆಯುವ ಕಡೆ ಹೋಗಿ ನಿಲ್ಲಿ. ಅಲ್ಲಿ ಕೈ ಜೋಡಿಸಿದವರ ಜೊತೆ ಮಾತು ತಾನಾಗಿ ಶುರುವಾಗುತ್ತದೆ. ಒಂದೆರಡು ಸಭೆಗೆ ಮನಸ್ಸು ಹತ್ತಲಿಲ್ಲವೆಂದು ಬಿಡಬೇಡಿ, ಕೆಲವು ತಿಂಗಳು ನೋಡಿ. ಆದರೆ ಯಾರಾದರೂ ಹೀಯಾಳಿಸಿದರೆ, ಮೈ ಮುಟ್ಟಿ ಕಿರಿಕಿರಿ ಮಾಡಿದರೆ, 'ಇದನ್ನು ಮನೆಯಲ್ಲಿ ಹೇಳಬೇಡ' ಅಂದರೆ ಕಾಯುವುದು ಬೇಡ. ಅವತ್ತೇ ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಬೆಟ್ಟದ ಮೇಲೂ ಅಷ್ಟೇ: ಭಯವಾದರೆ 'ನನ್ನಿಂದ ಇವತ್ತು ಆಗಲ್ಲ' ಎನ್ನುವ ಹಕ್ಕು ನಿಮಗಿದೆ.

ಒಂದೆರಡು ವರ್ಷ ಕಳೆದ ಮೇಲೆ ಚಿಕ್ಕದೊಂದು ಚಾರಣದ ಯೋಜನೆ ನಿಮಗೇ ಕೊಡಲು ಕೇಳಿ. ದಾರಿ ಗುರುತಿಸುವುದು, ಊಟದ ಲೆಕ್ಕ, ಹವಾಮಾನ ನೋಡುವುದು, ಮಳೆ ಬಂದರೆ ವಾಪಸ್ ಬರುವ ದಾರಿ ಎಲ್ಲ ನಿಮ್ಮದೇ ಜವಾಬ್ದಾರಿ. ಹದಿನೆಂಟಾದಾಗ ಹಲವು ತಂಡಗಳು ಕಿರಿಯರ ವಿಭಾಗದಿಂದ ಬಿಡುಗಡೆ ಕೊಡುತ್ತವೆ. ಆಗ ತರಬೇತಿ ಮುಗಿಸಿ ಸಹಾಯಕ ನಾಯಕರಾಗಿ ಉಳಿಯಬಹುದು. ಅದಕ್ಕೆ ಬೇಕಾದ ಪ್ರಥಮ ಚಿಕಿತ್ಸೆಯ ತರಗತಿಗೆ ಹದಿನಾರು–ಹದಿನೇಳರಲ್ಲೇ ಹೆಸರು ಕೊಡಲು ಆಗುತ್ತದಾ ವಿಚಾರಿಸಿ.