ಪರದೇಶದಲ್ಲಿ ಕೇಸು ಬಿದ್ದರೆ: ತಪ್ಪು ಒಪ್ಪಿಕೊಳ್ಳುವ ಮುಂಚೆ ವೀಸಾ ನೋಡಿ

ಮುಳಬಾಗಿಲು ಕಡೆಯ ಒಬ್ಬ ತಾಯಿ ಬೆಳಗಿನ ಜಾವ ಫೋನ್ ಮಾಡಿದ್ದರು. "ಸಾರ್, ಮಗನನ್ನು ಅಮೆರಿಕದಲ್ಲಿ ಪೊಲೀಸರು ಕರೆದುಕೊಂಡು ಹೋಗಿದ್ದಾರಂತೆ. ಅಂಗಡಿಯಲ್ಲಿ ಏನೋ ಸಾಮಾನಿಗೆ ದುಡ್ಡು ಕೊಟ್ಟಿಲ್ಲ ಅಂತ. ತಪ್ಪಾಯ್ತು ಅಂತ ಒಪ್ಪಿಕೊಂಡು ದಂಡ ಕಟ್ಟಿ ಬಂದುಬಿಡು ಅಂತ ಹೇಳಲಾ?"

"ಬೇಡ ಅಮ್ಮಾ. ಅದೊಂದು ಮಾತು ಈಗ ಹೇಳಬೇಡಿ" ಎಂದೆ.

ನಾನು ಕೋಲಾರದ ಕೋರ್ಟಿನಲ್ಲಿ ವಕೀಲ. ಆ ತಾಯಿ ಹಾಗೆ ಯೋಚಿಸಿದ್ದು ಸಹಜ. ನಮ್ಮಲ್ಲಿ ಸಣ್ಣ ಕೇಸು ಮುಗಿಯುವುದೇ ಹಾಗೆ. ಇಸ್ಪೀಟು ಆಡಿ ಸಿಕ್ಕಿಬಿದ್ದವರು ಕೋರ್ಟಿಗೆ ಬರುತ್ತಾರೆ, ಒಪ್ಪಿಕೊಳ್ಳುತ್ತಾರೆ, ದಂಡ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಾರೆ. ಆದರೆ ಪರದೇಶದಲ್ಲಿ ವೀಸಾ ಮೇಲೆ ಇರುವವರಿಗೆ ಕೋರ್ಟಿನ ಲೆಕ್ಕವೇ ಬೇರೆ, ವಲಸೆ ಇಲಾಖೆಯ ಲೆಕ್ಕವೇ ಬೇರೆ. ಕೋರ್ಟು ಬರೀ ದಂಡ ಹಾಕಿ ಬಿಟ್ಟರೂ, ವಲಸೆ ಇಲಾಖೆ ಅದೇ ಕಾಗದ ಇಟ್ಟುಕೊಂಡು ದೇಶ ಬಿಡು ಎನ್ನಬಹುದು.

ನಮ್ಮ ಜಿಲ್ಲೆಯ ಮಕ್ಕಳು ಜಾಸ್ತಿ ಹೋಗುವುದು ಓದಿಗೆ, ಸಾಫ್ಟ್‌ವೇರ್ ಕೆಲಸಕ್ಕೆ, ನರ್ಸಿಂಗ್‌ಗೆ. ಇಲ್ಲಿ ಮುಖ್ಯವಾಗಿ ಅಮೆರಿಕದ ಕ್ರಮ ಹೇಳುತ್ತೇನೆ.

ಫೋನ್ ಬಂದ ಕೂಡಲೇ

ಒಂದು ಹಾಳೆ ತೆಗೆದುಕೊಳ್ಳಿ. ಯಾವ ಊರು, ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಯಾವ ಜೈಲು, ಏನು ಆರೋಪ, ಮುಂದಿನ ಕೋರ್ಟು ಯಾವತ್ತು, ಇಷ್ಟು ಬರೆದುಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬೇಕು. ನಮ್ಮ ಹುಡುಗರಿಗೆ ಅಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿರುತ್ತದೆ. ಮನೆಯಲ್ಲಿ ಕರೆಯುವ ಹೆಸರು ಹೇಳಿದರೆ ಜೈಲಿನ ಪಟ್ಟಿಯಲ್ಲಿ ಸಿಗುವುದೇ ಇಲ್ಲ.

"ಏನಾಯ್ತು, ನೀನು ಮಾಡಿದ್ದು ನಿಜವಾ?" ಅಂತ ಮಾತ್ರ ಕೇಳಬೇಡಿ. ಅಮೆರಿಕದ ಜೈಲುಗಳಿಂದ ಬರುವ ಕರೆಗಳು ಸಾಮಾನ್ಯವಾಗಿ ರೆಕಾರ್ಡ್ ಆಗುತ್ತವೆ. ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡಿದರೆ ಗೊತ್ತಾಗಲ್ಲ ಅಂದುಕೊಳ್ಳಬೇಡಿ. ಬೇಕಾದರೆ ಅನುವಾದ ಮಾಡಿಸುತ್ತಾರೆ. ಮಗ ಅಳುತ್ತಾ ಹೇಳಿದ ಒಂದು ಮಾತು ಆಮೇಲೆ ಅವನ ವಿರುದ್ಧವೇ ಸಾಕ್ಷಿಯಾಗಬಹುದು. ಊಟ ಆಯ್ತಾ, ಔಷಧಿ ಇದೆಯಾ ಕೇಳಿ. ಆಮೇಲೆ ಇಷ್ಟು ಹೇಳಿ: ನಿನ್ನ ಹೆಸರು ಹೇಳು, ಸುಳ್ಳು ಹೇಳಬೇಡ, ಲಾಯರ್ ಬೇಕು ಅಂತ ಕೇಳಿ ಸುಮ್ನಿರು, ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಭಾರತದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕೂ ಅವನಿಗಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಅದನ್ನು ಕೊಡುತ್ತದೆ. ಇಲ್ಲಿಂದ ನೀವು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಕಾನ್ಸುಲೇಟಿನವರು ಬಂದು ಕೇಸು ನಡೆಸುವುದಿಲ್ಲ. ಆದರೆ ಲಾಯರ್‌ಗಳ ಪಟ್ಟಿ ಸಿಗುತ್ತದೆ, ಅವನನ್ನು ಕಂಡು ಮಾತಾಡಿಸಲು ದಾರಿಯಾಗುತ್ತದೆ.

ಲಾಯರ್ ಒಬ್ಬರು ಸಾಲದು

ಕ್ರಿಮಿನಲ್ ಕೇಸಿಗೆ ಒಬ್ಬರು, ವಲಸೆ ಕಾನೂನಿಗೆ ಇನ್ನೊಬ್ಬರು ಬೇಕು. ದುಡ್ಡಿಲ್ಲದವರಿಗೆ ಕ್ರಿಮಿನಲ್ ಕೋರ್ಟಿನಲ್ಲಿ ಸರ್ಕಾರವೇ ಲಾಯರ್ ಕೊಡುತ್ತದೆ. ವಲಸೆ ಕೋರ್ಟಿನಲ್ಲಿ ಆ ಹಕ್ಕಿಲ್ಲ. ಹಾಗಾಗಿ ಕೂಡಿಸಿದ ದುಡ್ಡು ಸ್ವಲ್ಪವೇ ಇದ್ದರೆ ವಲಸೆ ಲಾಯರ್ ಸಲಹೆಗೆ ಎತ್ತಿಡಿ ಎಂದು ನಾನು ಹೇಳುತ್ತೇನೆ.

ಇದು ಯಾಕೆ ಮುಖ್ಯ ಎನ್ನುವುದಕ್ಕೆ ಅಲ್ಲಿನ ಒಂದು ದೊಡ್ಡ ತೀರ್ಪಿದೆ. ಹೊಸೆ ಪಾಡಿಯಾ ಹೊಂಡುರಾಸ್ ದೇಶದವರು. 40 ವರ್ಷಕ್ಕೂ ಹೆಚ್ಚು ಕಾಲದಿಂದ ಅಮೆರಿಕದ ಕಾಯಂ ನಿವಾಸಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ಇದ್ದವರು. ಗಾಂಜಾ ಸಾಗಣೆ ಕೇಸಿನಲ್ಲಿ ಸಿಕ್ಕಿಬಿದ್ದಾಗ, ಇಷ್ಟು ವರ್ಷದಿಂದ ಇದ್ದೀರಿ, ವಲಸೆ ಬಗ್ಗೆ ಚಿಂತೆ ಬೇಡ ಎಂದು ಅವರ ಲಾಯರ್ ಹೇಳಿದ್ದರಂತೆ. ಅದನ್ನು ನಂಬಿ ತಪ್ಪು ಒಪ್ಪಿಕೊಂಡರು. ಗಡೀಪಾರು ಎದುರಿಗೆ ಬಂತು. 2010ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ತಪ್ಪೊಪ್ಪಿಗೆಯಿಂದ ಗಡೀಪಾರು ಆಗಬಹುದು ಎಂಬುದನ್ನು ತಿಳಿಸುವುದು ಲಾಯರ್‌ನ ಕರ್ತವ್ಯ ಎಂದು ಹೇಳಿತು. ಆದ್ದರಿಂದ ಮಗ ತನ್ನ ಲಾಯರನ್ನು ಈ ಪ್ರಶ್ನೆ ಧೈರ್ಯವಾಗಿ ಕೇಳಬೇಕು: "ನಾನು ಈ ದೇಶದ ಪ್ರಜೆ ಅಲ್ಲ. ಇದಕ್ಕೆ ಒಪ್ಪಿದರೆ ನನ್ನ ವೀಸಾ ಏನಾಗುತ್ತದೆ?"

ಒಂದು ದಿನದ ವ್ಯತ್ಯಾಸ

ಈ ಭಾಗ ನಿಧಾನವಾಗಿ ಓದಿ. ಅಮೆರಿಕದ ಕೋರ್ಟುಗಳಲ್ಲಿ ಹೆಚ್ಚಿನ ಕೇಸು ವಿಚಾರಣೆವರೆಗೆ ಹೋಗುವುದಿಲ್ಲ. ಸರ್ಕಾರಿ ವಕೀಲರ ಜೊತೆ ಮಾತಾಡಿ, ಇಷ್ಟಕ್ಕೆ ಒಪ್ಪಿಕೊಂಡರೆ ಇಷ್ಟೇ ಶಿಕ್ಷೆ ಅಂತ ಮುಗಿಸುತ್ತಾರೆ. "ಇಷ್ಟು ದಿನ ಸರಿಯಾಗಿದ್ದರೆ ಕೇಸು ವಜಾ ಮಾಡುತ್ತೇವೆ" ಎನ್ನುವ ಒಪ್ಪಂದವೂ ಇರುತ್ತದೆ. ಕೇಳಲು ಚೆನ್ನಾಗಿರುತ್ತದೆ. ಆದರೆ 1996ರಿಂದ ಅಲ್ಲಿನ ವಲಸೆ ಕಾನೂನಿನಲ್ಲಿ ಅಪರಾಧಿ ಎನ್ನುವುದಕ್ಕೆ ಬೇರೆಯೇ ಅರ್ಥವಿದೆ. ತಪ್ಪು ಒಪ್ಪಿಕೊಂಡು, ಕೋರ್ಟು ದಂಡವನ್ನೋ ಷರತ್ತನ್ನೋ ಹಾಕಿದ್ದರೆ ಸಾಕು. ಆಮೇಲೆ ಕೋರ್ಟು ಕೇಸು ವಜಾ ಮಾಡಿದರೂ ವಲಸೆ ಇಲಾಖೆಗೆ ಅವನು ಅಪರಾಧಿಯೇ. ಜಾರಿಯಾಗದೆ ತಡೆಹಿಡಿದ ಶಿಕ್ಷೆಯನ್ನೂ ಪೂರ್ತಿ ಶಿಕ್ಷೆ ಅಂತಲೇ ಲೆಕ್ಕ ಹಾಕುತ್ತಾರೆ.

ಕಳ್ಳತನದ ಕೇಸಿಗೆ ಒಂದು ವರ್ಷ ಅಥವಾ ಹೆಚ್ಚು ಜೈಲು ಶಿಕ್ಷೆ ಬಿದ್ದರೆ ಅದು ವಲಸೆ ಕಾನೂನಿನ ಅತಿ ಗಂಭೀರ ಅಪರಾಧಗಳ ಪಟ್ಟಿಗೆ ಸೇರುತ್ತದೆ. ಆಗ ಗ್ರೀನ್ ಕಾರ್ಡ್ ಇದ್ದರೂ ಉಳಿಯುವುದು ಬಹಳ ಕಷ್ಟ. 365 ದಿನಕ್ಕೂ 364 ದಿನಕ್ಕೂ ಇರುವ ಅಂತರ ಇದು. ಇದಕ್ಕಾಗಿಯೇ ಕ್ಯಾಲಿಫೋರ್ನಿಯಾ 2015ರಲ್ಲಿ, ನ್ಯೂಯಾರ್ಕ್ 2019ರಲ್ಲಿ ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿದವು. ಹಾಗಂತ ಅಂಗಡಿ ಕಳ್ಳತನದ ಮೊದಲ ಸಣ್ಣ ಕೇಸಿಗೇ ಎಲ್ಲ ಮುಗಿಯಿತು ಎಂದಲ್ಲ. ಕಾನೂನಿನಲ್ಲಿ ಅದಕ್ಕೆ ವಿನಾಯಿತಿಗಳಿವೆ. ಯಾವ ಸೆಕ್ಷನ್‌ಗೆ, ಯಾವ ಮಾತುಗಳಲ್ಲಿ ಒಪ್ಪಿಕೊಂಡ ಎನ್ನುವುದರ ಮೇಲೆ ಆ ವಿನಾಯಿತಿ ನಿಂತಿರುತ್ತದೆ.

ಗಾಂಜಾ ವಿಷಯದಲ್ಲಿ ಹುಡುಗರು ಮೋಸ ಹೋಗುತ್ತಾರೆ. ಕೆಲವು ರಾಜ್ಯಗಳಲ್ಲಿ ಅದನ್ನು ಅಂಗಡಿಯಲ್ಲೇ ಮಾರುತ್ತಾರೆ. ಆದರೆ ವಲಸೆ ನಡೆಯುವುದು ಕೇಂದ್ರದ ಕಾನೂನಿನ ಮೇಲೆ, ಅಲ್ಲಿ ಅದು ಇನ್ನೂ ಅಪರಾಧ.

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ, ಶಿಕ್ಷೆ ಆಗುವ ಮುಂಚೆಯೇ ವೀಸಾ ರದ್ದಾದ ಇಮೇಲ್ ಬರಬಹುದು. ಆಗ ಗಾಬರಿಯಾಗಿ ವಿಮಾನ ಹತ್ತಿಸಬೇಡಿ. ವೀಸಾ ಎಂದರೆ ಒಳಗೆ ಬರಲು ಕೊಟ್ಟ ಅನುಮತಿ. ಒಳಗೆ ಇರುವ ಅವಧಿಯ ಅನುಮತಿ ಬೇರೆ. ವೀಸಾ ರದ್ದಾದರೂ ಓದು, ಕೆಲಸ ಹಲವು ಸಲ ಮುಂದುವರಿಯುತ್ತದೆ. ಆದರೆ ಊರಿಗೆ ಬಂದರೆ ಹೊಸ ವೀಸಾ ಇಲ್ಲದೆ ವಾಪಸ್ ಹೋಗಲು ಆಗದು. ತಂಗಿಯ ಮದುವೆಯೇ ಇರಲಿ, ವಲಸೆ ಲಾಯರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ.

ಇನ್ನು ಗಂಡ ಹೆಂಡತಿ ಜಗಳ. ಪೊಲೀಸರು ಬಂದ ಮೇಲೆ ಕೇಸು ನಡೆಸುವುದು ಸರ್ಕಾರಿ ವಕೀಲರು. ಹೆಂಡತಿ ಬೇಡ ಎಂದರೂ ನಿಲ್ಲಬೇಕೆಂದಿಲ್ಲ. ಅವಳ ಹತ್ತಿರ ಹೋಗಬೇಡ, ಮಾತಾಡಬೇಡ ಎಂದು ಕೋರ್ಟು ರಕ್ಷಣಾ ಆದೇಶ ಕೊಡುತ್ತದೆ. ಇಲ್ಲಿಂದ ಅತ್ತೆ ಮಾವ ಫೋನ್ ಮಾಡಿ "ಕೇಸು ವಾಪಸ್ ತಗೋ ತಾಯಿ" ಎನ್ನುತ್ತಾರಲ್ಲ, ಅದು ಮಗನೇ ಆದೇಶ ಮುರಿದ ಹಾಗೆ ಆಗಬಹುದು. ಅಂಥ ಆದೇಶ ಮುರಿದದ್ದು ಕೋರ್ಟಿನಲ್ಲಿ ಸಾಬೀತಾದರೆ, ಬೇರೆ ಶಿಕ್ಷೆ ಆಗದಿದ್ದರೂ ಗಡೀಪಾರಿಗೆ ಅದೇ ಕಾರಣವಾಗಬಹುದು. ಆ ಆದೇಶ ಇರುವುದು ಆ ಹೆಣ್ಣುಮಗಳ ರಕ್ಷಣೆಗೆ. ದಯವಿಟ್ಟು ಅವಳಿಗೆ ಫೋನ್ ಮಾಡಬೇಡಿ.

ಕೇಸು ವಜಾ ಆದರೂ

ಅಮೆರಿಕದ ವೀಸಾ ಅರ್ಜಿಯಲ್ಲಿ ಕೇಳುವುದು "ಶಿಕ್ಷೆ ಆಗಿದೆಯಾ" ಎಂದಷ್ಟೇ ಅಲ್ಲ. "ಎಂದಾದರೂ ಬಂಧನ ಆಗಿದೆಯಾ" ಎಂದೂ ಕೇಳುತ್ತಾರೆ. ವಜಾ ಆದ ಕೇಸನ್ನೂ ಬರೆಯಬೇಕು. ಬೆರಳಚ್ಚು ಅವರ ಹತ್ತಿರ ಇದ್ದೇ ಇರುತ್ತದೆ. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದಾರೆ ಎಂದು ಸರ್ಕಾರ ಇಟ್ಟಿದ್ದ ದಾಖಲೆ ಏಕಾಏಕಿ ರದ್ದಾಯಿತು. ಪೊಲೀಸ್ ಡೇಟಾಬೇಸಿನಲ್ಲಿ ಹೆಸರು ಇದ್ದದ್ದೇ ಎಷ್ಟೋ ಜನರಿಗೆ ಕಾರಣ. ಅವರಲ್ಲಿ ಕೇಸು ವಜಾ ಆದವರೂ ಇದ್ದರು. ಕೋರ್ಟಿಗೆ ಹೋದ ಮೇಲೆ ಆ ತಿಂಗಳ ಕೊನೆಗೆ ಸರ್ಕಾರ ದಾಖಲೆಗಳನ್ನು ಮರಳಿಸಲು ಒಪ್ಪಿತು. ಅಂಥ ಹೊತ್ತಿನಲ್ಲಿ ಕೈಗೆ ಬರುವುದು ಕೋರ್ಟಿನ ಅಂತಿಮ ಆದೇಶದ ದೃಢೀಕೃತ ಪ್ರತಿ. ಕೇಸು ಮುಗಿದ ವಾರದಲ್ಲೇ ನಾಲ್ಕು ಪ್ರತಿ ತೆಗೆಸಿಡಿ.

ಬೇರೆ ದೇಶಗಳ ಬಗ್ಗೆ ಚಿಕ್ಕದಾಗಿ: ಬ್ರಿಟನ್ನಿನಲ್ಲಿ 12 ತಿಂಗಳು ಅಥವಾ ಹೆಚ್ಚು ಜೈಲಾದರೆ 2007ರ ಕಾನೂನಿನ ಪ್ರಕಾರ ಗಡೀಪಾರು ಪ್ರಕ್ರಿಯೆ ಶುರುವಾಗುತ್ತದೆ. ಕೆನಡಾದಲ್ಲಿ 2018ರ ಡಿಸೆಂಬರ್‌ನಿಂದ ಕುಡಿದು ಗಾಡಿ ಓಡಿಸುವುದು ಗಂಭೀರ ಅಪರಾಧದ ಸಾಲಿನಲ್ಲಿದೆ.

ಕೇಸು ಕೋಲಾರದಲ್ಲೇ ಇದ್ದರೆ

ಬದುವಿನ ಜಗಳ, ಜಾತ್ರೆ ಗಲಾಟೆ, ನೀರಿಗಾಗಿ ರಸ್ತೆ ತಡೆದ ಹೋರಾಟ. ಇಂಥ ಕೇಸಿನಲ್ಲಿ ಹೆಸರು ಇದೆ ಎನ್ನುವುದು ಎಷ್ಟೋ ಹುಡುಗರಿಗೆ ಪಾಸ್‌ಪೋರ್ಟ್ ಅರ್ಜಿ ಹಾಕಿದಾಗಲೇ ಗೊತ್ತಾಗುವುದು. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಚೆಕ್ ಬೌನ್ಸ್ ಕೇಸೂ ಕ್ರಿಮಿನಲ್ ಕೇಸೇ, ಮರೆಯಬೇಡಿ. ಬರೀ ಎಫ್‌ಐಆರ್ ಆಗಿ ತನಿಖೆಯಲ್ಲಿ ಇದ್ದರೆ ಅದನ್ನು ಬಾಕಿ ಕೇಸು ಎಂದು ಹಿಡಿಯಬಾರದು ಎಂದು 2019ರಲ್ಲಿ ವಿದೇಶಾಂಗ ಸಚಿವಾಲಯವೇ ತಿಳಿಸಿದೆ.

ಇ-ಕೋರ್ಟ್ಸ್ ತಾಣದಲ್ಲಿ ನಿಮ್ಮ ತಾಲ್ಲೂಕಿನ ಕೋರ್ಟು ಆರಿಸಿ ಹೆಸರು ಹಾಕಿ ನೋಡಿ. ಸ್ಪೆಲ್ಲಿಂಗ್ ಬದಲಿಸಿ ಎರಡು ಮೂರು ಸಲ ಹುಡುಕಿ. ಪೊಲೀಸ್ ಲೆಕ್ಕದಲ್ಲಿ ಕೆಜಿಎಫ್ ಬೇರೆ ಜಿಲ್ಲೆ, ಅಲ್ಲಿಗೆ ಬೇರೆ ಎಸ್‌ಪಿ ಕಚೇರಿ ಇದೆ. ಎರಡೂ ಕಡೆ ವಾಸ ಇದ್ದವರು ಎರಡೂ ಕಡೆ ವಿಚಾರಿಸಿ.

ಕೇಸು ಬಾಕಿ ಇದ್ದರೆ ಅದೇ ಕೋರ್ಟಿನಲ್ಲಿ ವಿದೇಶಕ್ಕೆ ಹೋಗಲು ಅನುಮತಿ ಕೇಳಿ ಅರ್ಜಿ ಹಾಕಿಸಿ. 1993ರ ಅಧಿಸೂಚನೆ ಪ್ರಕಾರ ಕೋರ್ಟು ಹೇಳಿದಷ್ಟು ಅವಧಿಗೆ ಪಾಸ್‌ಪೋರ್ಟ್ ಕೊಡುತ್ತಾರೆ. ಅವಧಿ ಬರೆಯದಿದ್ದರೆ ಒಂದೇ ವರ್ಷಕ್ಕೆ ಸಿಗುತ್ತದೆ. ಹಾಗಾಗಿ ಎಷ್ಟು ವರ್ಷಕ್ಕೆ ಬೇಕು ಎಂದು ಅರ್ಜಿಯಲ್ಲೇ ಬರೆಸಿ. ಕೇಸು ಮುಚ್ಚಿಟ್ಟು ಅರ್ಜಿ ಹಾಕಿದರೆ ಅದೇ ಇನ್ನೊಂದು ಅಪರಾಧ. ಅದಕ್ಕೆ ಎರಡು ವರ್ಷದವರೆಗೆ ಜೈಲು ಆಗಬಹುದು.

ಕೇಸು ಮುಗಿದಿದ್ದರೆ ನಕಲು ಅರ್ಜಿ ಹಾಕಿ ತೀರ್ಪಿನ ದೃಢೀಕೃತ ಪ್ರತಿ ಪಡೆಯಿರಿ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಮಾಡಿಸಿ, ವೀಸಾ ಸಂದರ್ಶನಕ್ಕೆ ಬೇಕಾಗುತ್ತದೆ. ವಕೀಲರ ಖರ್ಚಿಗೆ ಹೆದರುವವರು ಕೋಲಾರದ ಕೋರ್ಟಿಗೇ ಬಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.