ಇಂಗ್ಲಿಷ್ ಪರೀಕ್ಷೆ: ಮ್ಯಾಕ್‌ಬೆತ್ ಓದುವ, ಲೇಖನ ಬರೆಯುವ ಬಗೆ

‘ಮ್ಯಾಕ್‌ಬೆತ್‌ಗೆ ಅಧಿಕಾರದಾಸೆ ಇತ್ತು. ಅದೇ ಅವನನ್ನು ಹಾಳುಮಾಡಿತು.’ ಇಂಗ್ಲಿಷ್ ಉತ್ತರ ಪತ್ರಿಕೆಗಳನ್ನು ತಿದ್ದಲು ಕೂತಾಗಲೆಲ್ಲ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ತಪ್ಪೇನಿಲ್ಲ. ಆದರೆ ನಾಟಕದ ಒಂದು ಪುಟವನ್ನೂ ತೆರೆಯದವರು ಸಹ ಇದನ್ನು ಬರೆಯಬಲ್ಲರು. ಕಷ್ಟಪಟ್ಟು ಓದಿದ ಮಕ್ಕಳೂ ಓದದವರಂತೆಯೇ ಬರೆದು ಅಂಕ ಕಳೆದುಕೊಳ್ಳುವುದನ್ನು ಕಂಡು ಸಂಕಟವಾಗುತ್ತದೆ. ಈ ಲೇಖನ ಅವರಿಗಾಗಿ.

ಹೆಜ್ಜೆ 1: ಮೊದಲು ನಾಟಕ, ಆಮೇಲೆ ಗೈಡು

ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಮ್ಯಾಕ್‌ಬೆತ್ ಅತಿ ಚಿಕ್ಕದು. ಐದೂ ಅಂಕಗಳನ್ನು ಎರಡು ಮೂರು ದಿನಗಳಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ಗಟ್ಟಿಯಾಗಿ ಎಂಬುದಕ್ಕೆ ಒತ್ತು ಕೊಟ್ಟು ಹೇಳುತ್ತಿದ್ದೇನೆ. ಮಾಟಗಾತಿಯರ ಮಾತಿನ ಲಯ ಉಳಿದವರ ಮಾತಿನ ಲಯಕ್ಕಿಂತ ಬೇರೆ ಎಂಬುದು ಕಿವಿಗೆ ಮಾತ್ರ ಗೊತ್ತಾಗುತ್ತದೆ. ಅರ್ಥವಾಗದ ಸಾಲು ಬಂದರೆ ಗುರುತು ಹಾಕಿ ಮುಂದೆ ಹೋಗಿ.

ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಸರಳ ಇಂಗ್ಲಿಷ್ ಇರುವ ಪುಸ್ತಕಗಳ ಬಗ್ಗೆ ಎಚ್ಚರವಿರಲಿ. ಬಲಪುಟದ ವಾಕ್ಯವನ್ನೇ ಶೇಕ್ಸ್‌ಪಿಯರ್‌ನದೆಂದು ಉದ್ಧರಿಸಿದ ಉತ್ತರಗಳನ್ನು ನಾನು ಕಂಡಿದ್ದೇನೆ. ಅಂಥ ಪುಸ್ತಕವೇ ಕೈಯಲ್ಲಿದ್ದರೆ ಬಲಪುಟದ ಮೇಲೆ ಒಂದು ಹಾಳೆ ಮುಚ್ಚಿಟ್ಟು ಓದಿ. ಸಿಕ್ಕಿಬಿದ್ದಾಗ ಮಾತ್ರ ಹಾಳೆ ಸರಿಸಿ ನೋಡಿ.

ಹೆಜ್ಜೆ 2: ಹಿನ್ನೆಲೆ ಅರ್ಧ ವಾಕ್ಯ ಸಾಕು

ಒಂದನೇ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನ ಏರಿದ್ದು 1603ರಲ್ಲಿ. ಅವನನ್ನು ಪಾರ್ಲಿಮೆಂಟಿನೊಂದಿಗೇ ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾದದ್ದು 1605ರಲ್ಲಿ. ನಾಟಕ ಹುಟ್ಟಿದ್ದು 1606ರ ಸುಮಾರಿಗೆ. ರಾಜಹತ್ಯೆಯ ಪ್ರಸ್ತಾಪ ಬಂದ ಕಡೆ ಇದನ್ನು ಅರ್ಧ ವಾಕ್ಯದಲ್ಲಿ ಸೇರಿಸಿ. ಕವಿಯ ಜನನ, ಊರು, ಮದುವೆ ಎಂದು ಮೊದಲ ಪುಟ ತುಂಬಿಸಬೇಡಿ.

ಹೆಜ್ಜೆ 3: ಉದ್ಧರಣೆಗಳನ್ನು ಜೋಡಿಯಾಗಿ ಕಲಿಯಿರಿ

ಐವತ್ತು ಸಾಲುಗಳ ಪಟ್ಟಿಯನ್ನು ಉರು ಹೊಡೆಯಬೇಡಿ. ಹನ್ನೆರಡು ಸಾಕು. ಆದರೆ ಒಂದಕ್ಕೊಂದು ಉತ್ತರ ಕೊಡುವಂಥ ಸಾಲುಗಳನ್ನು ಆರಿಸಿಕೊಳ್ಳಿ. ಏಕೆಂಬುದು ಮುಂದಿನ ಹೆಜ್ಜೆಯಲ್ಲಿ ತಿಳಿಯುತ್ತದೆ.

ಹೆಜ್ಜೆ 4: ಒಂದು ಪದವನ್ನು ಹಿಡಿದು ನಿಲ್ಲುವುದು

ಬಹುತೇಕ ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ನೋಡೋಣ.

ಎರಡನೇ ಅಂಕದ ಎರಡನೇ ದೃಶ್ಯ. ಡಂಕನ್‌ನ ಕೊಲೆ, ಎಂದರೆ ಮ್ಯಾಕ್‌ಬೆತ್ ತನ್ನ ರಾಜನನ್ನೇ ಕೊಲ್ಲುವುದು, ರಂಗದ ಮೇಲೆ ನಡೆಯುವುದೇ ಇಲ್ಲ. ನಮಗೆ ಕಾಣುವುದು ಮ್ಯಾಕ್‌ಬೆತ್‌ನ ರಕ್ತಸಿಕ್ತ ಕೈಗಳು. ಕಡಲ ದೇವತೆ ನೆಪ್ಚೂನನ ಸಮುದ್ರವೆಲ್ಲ ಸೇರಿದರೂ ಈ ರಕ್ತವನ್ನು ತೊಳೆದೀತೇ ಎಂದು ಅವನು ಕೇಳುತ್ತಾನೆ. ಇಲ್ಲ, ಈ ಕೈಯೇ ಸಮುದ್ರಗಳನ್ನು ಕೆಂಪಾಗಿಸುತ್ತದೆ ಎಂದು ತಾನೇ ಉತ್ತರಿಸಿಕೊಳ್ಳುತ್ತಾನೆ. ಕೊಲೆಯ ಕಠಾರಿಗಳನ್ನು ರಾಜನ ಕೋಣೆಯಲ್ಲಿ ಇಟ್ಟು ಬಂದ ಅವನ ಹೆಂಡತಿಯ ಕೈಗಳೂ ಈಗ ಕೆಂಪು. ಅವಳು ಹೇಳುವುದು ಇಷ್ಟೇ: ‘ಎ ಲಿಟಲ್ ವಾಟರ್ ಕ್ಲಿಯರ್ಸ್ ಅಸ್ ಆಫ್ ದಿಸ್ ಡೀಡ್.’

ಸಾಮಾನ್ಯ ಉತ್ತರ: ‘ಮ್ಯಾಕ್‌ಬೆತ್‌ಗೆ ಪಾಪಪ್ರಜ್ಞೆ ಕಾಡುತ್ತಿದೆ, ಅವನ ಹೆಂಡತಿ ಕಲ್ಲೆದೆಯವಳು ಎಂಬುದನ್ನು ಇದು ತೋರಿಸುತ್ತದೆ.’ ಇಲ್ಲಿಗೆ ಪೆನ್ನು ಎತ್ತಿಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

‘ಲಿಟಲ್’ ಎಂಬ ಪದವನ್ನು ಹಿಡಿಯಿರಿ. ಗಂಡನಿಗೆ ಸಮುದ್ರವೂ ಸಾಲದು, ಹೆಂಡತಿಗೆ ಒಂದು ಚೊಂಬು ನೀರು ಸಾಕು. ಅವನ ಬಾಯಲ್ಲಿ ‘ಮಲ್ಟಿಟ್ಯೂಡಿನಸ್’ (ಲೆಕ್ಕವಿಲ್ಲದಷ್ಟು), ‘ಇನ್‌ಕಾರ್ನಡೀನ್’ (ಕೆಂಪಾಗಿಸು) ಎಂಬ ಭಾರವಾದ ಪದಗಳು, ಅವಳ ಬಾಯಲ್ಲಿ ಮಗುವಿಗೂ ತಿಳಿಯುವ ಪದಗಳು. ಈಗ ಐದನೇ ಅಂಕದ ಮೊದಲ ದೃಶ್ಯಕ್ಕೆ ಬನ್ನಿ. ನಿದ್ದೆಯಲ್ಲಿ ನಡೆಯುತ್ತಿರುವ ಅವಳು ಕೈ ಉಜ್ಜಿಕೊಳ್ಳುತ್ತಾ, ಅರೇಬಿಯಾದ ಅಷ್ಟೂ ಸುಗಂಧ ತಂದರೂ ‘ದಿಸ್ ಲಿಟಲ್ ಹ್ಯಾಂಡ್’ ಘಮಘಮಿಸದು ಎನ್ನುತ್ತಾಳೆ. ಅದೇ ‘ಲಿಟಲ್’ ನೀರನ್ನು ಬಿಟ್ಟು ಕೈಗೆ ಅಂಟಿಕೊಂಡಿದೆ. ಅಂದು ಗಂಡ ಕೇಳಿದ ಪ್ರಶ್ನೆಗೆ ಇಂದು ಅವಳು ಉತ್ತರ ಕೊಡುತ್ತಿದ್ದಾಳೆ.

ರಂಗದ ಮೇಲೆ ಏನು ಕಾಣುತ್ತಿದೆ ಎಂಬುದನ್ನೂ ಗಮನಿಸಿ. ಅಂದು ರಕ್ತ ಎಲ್ಲರಿಗೂ ಕಾಣುತ್ತಿತ್ತು, ಅವಳು ಲೆಕ್ಕಿಸಲಿಲ್ಲ. ಇಂದು ರಕ್ತವೇ ಇಲ್ಲ, ಅವಳೊಬ್ಬಳಿಗೆ ಮಾತ್ರ ಕಾಣುತ್ತಿದೆ. ಅಂದು ಪದ್ಯದಲ್ಲಿ ಆಜ್ಞಾಪಿಸುತ್ತಿದ್ದವಳು ಈ ದೃಶ್ಯದಲ್ಲಿ ತುಂಡು ತುಂಡಾದ ಗದ್ಯದಲ್ಲಿ ಮಾತನಾಡುತ್ತಾಳೆ. ಇಷ್ಟನ್ನು ನಿಮ್ಮ ಮಾತಿನಲ್ಲಿ ಒಂದು ಪ್ಯಾರಾ ಬರೆದರೆ, ಓದುವವರಿಗೆ ನೀವು ನಾಟಕದೊಳಗೆ ಓಡಾಡಿ ಬಂದವರು ಎಂದು ತಿಳಿಯುತ್ತದೆ.

ಅಭ್ಯಾಸ ಮಾಡುವಾಗ ಪ್ರತಿ ಸಾಲಿಗೂ ಕೇಳಿಕೊಳ್ಳಿ: ಈ ಪದವೇ ಏಕೆ? ಆ ಹೊತ್ತಿಗೆ ಪ್ರೇಕ್ಷಕನ ಕಣ್ಣೆದುರು ಏನಿದೆ? ಇದು ಮತ್ತೆ ಎಲ್ಲಿ ಬರುತ್ತದೆ? ‘ತೋರಿಸುತ್ತದೆ’ ಎಂಬ ಕ್ರಿಯಾಪದವನ್ನು ಒಂದು ತಿಂಗಳು ಪೂರ್ತಿ ಬಿಟ್ಟುಬಿಡಿ. ಅಂಶ, ಸಾಕ್ಷ್ಯ, ವಿವರಣೆ ಎಂಬ ಸೂತ್ರ ಆರಂಭದಲ್ಲಿ ಊರುಗೋಲಾದೀತು. ಮೂರು ವಾರ ಕಳೆದ ಮೇಲೂ ಅದನ್ನು ಹಿಡಿದೇ ನಡೆದರೆ ಪ್ಯಾರಾಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತವೆ.

ಹೆಜ್ಜೆ 5: ಅದೇ ಕಣ್ಣಿನಿಂದ ಲೇಖನ ಬರೆಯಿರಿ

ಕಥೆಯಲ್ಲದ ಬರಹ, ಎಂದರೆ ಲೇಖನ, ಪತ್ರ, ಭಾಷಣ, ಬೇರೆಯೇ ವಿದ್ಯೆ ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಅಲ್ಲ. ಸಣ್ಣದೊಂದನ್ನು ಹತ್ತಿರದಿಂದ ನೋಡಿ ಅದರಿಂದ ಮಾತು ಬೆಳೆಸುವುದೇ ಇಲ್ಲಿಯೂ ಕೆಲಸ.

‘ಶಾಲೆ ಬೆಳಿಗ್ಗೆ ತಡವಾಗಿ ಶುರುವಾಗಬೇಕು’ ಎಂದು ವಾದಿಸುವ ಲೇಖನ ಕೇಳಿದ್ದಾರೆ ಎನ್ನಿ. ನೂರಕ್ಕೆ ತೊಂಬತ್ತು ಪತ್ರಿಕೆಗಳು ‘ಇಂದಿನ ಆಧುನಿಕ ಯುಗದಲ್ಲಿ ನಿದ್ರೆ ಬಹಳ ಮುಖ್ಯ’ ಎಂದೇ ತೊಡಗುತ್ತವೆಯೋ ಏನೋ ಎನ್ನುವಷ್ಟು ಅದು ಸವೆದುಹೋಗಿದೆ. ಬದಲಿಗೆ ಹೀಗೆ ತೊಡಗಿ: ‘ಮೊದಲ ಪಿರಿಯಡ್‌ನಲ್ಲಿ ಹಾಜರಿ ಕರೆದಾಗ ಕೊನೆಯ ಬೆಂಚಿನ ಹುಡುಗ ಓಗೊಡುತ್ತಾನೆ. ಅವನ ಕಣ್ಣು ಇನ್ನೂ ತೆರೆದಿಲ್ಲ.’ ಇದನ್ನು ಸರಳ ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟವಲ್ಲ, ವಾದಕ್ಕೂ ನೆಲ ಸಿಗುತ್ತದೆ.

ಉಪಮೆ, ಅನುಪ್ರಾಸ, ಮೂರರ ಪಟ್ಟಿ, ಪ್ರಶ್ನೆ ಎಂದು ಅಲಂಕಾರಗಳನ್ನು ಒಂದೊಂದಾಗಿ ಟಿಕ್ ಮಾಡುತ್ತಾ ಬರೆಯಬೇಡಿ. ಇಲ್ಲದ ಸಮೀಕ್ಷೆಯನ್ನು ಹುಟ್ಟಿಸಿ ‘ಶೇ 87ರಷ್ಟು ಜನ’ ಎನ್ನುವುದಂತೂ ಬೇಡವೇ ಬೇಡ. ಮಾದರಿ ಪ್ರಬಂಧಗಳ ಪುಸ್ತಕಗಳನ್ನು ಬಾಯಿಪಾಠ ಮಾಡಿ ಬರೆದದ್ದು ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ, ಅವುಗಳಿಗೆ ದುಡ್ಡು ಹಾಕಬೇಡಿ. ಅದಕ್ಕಿಂತ ಒಳ್ಳೆಯ ಅಂಕಣವೊಂದನ್ನು ಕತ್ತರಿಸಿಟ್ಟು, ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಮಾಡುತ್ತಿರುವ ಕೆಲಸವೇನೆಂದು ಗುರುತಿಸಿ.

ಎದುರು ವಾದಕ್ಕೆ ಒಂದು ಪ್ಯಾರಾ ಮೀಸಲಿಡಿ. ಗೆಲ್ಲಲು ಸುಲಭವಾದ ವಾದವಲ್ಲ, ನಿಮ್ಮನ್ನು ನಿಜವಾಗಿ ತಡೆದು ನಿಲ್ಲಿಸುವಂಥದ್ದನ್ನು ಆರಿಸಿ. ಪತ್ರಕ್ಕೆ ಸಂಬೋಧನೆ, ಲೇಖನಕ್ಕೆ ತಲೆಬರಹ, ಭಾಷಣಕ್ಕೆ ಕಿವಿಗೆ ಹಿಡಿಸುವ ಗಿಡ್ಡ ವಾಕ್ಯ.

ಹೆಜ್ಜೆ 6: ಗಡಿಯಾರ ಇಟ್ಟು ಬರೆಯಿರಿ

ವಾರಕ್ಕೊಂದು, ಕೈಬರಹದಲ್ಲೇ. 45 ನಿಮಿಷವಿದ್ದರೆ 5 ನಿಮಿಷ ಯೋಜನೆಗೆ, 35 ಬರವಣಿಗೆಗೆ. ಮೂರು ಹೊಸ ಲೇಖನ ಬರೆಯುವುದಕ್ಕಿಂತ ಒಂದನ್ನೇ ಮೂರು ಸಲ ತಿದ್ದಿ ಬರೆಯಿರಿ, ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಉಳಿದ 5 ನಿಮಿಷದಲ್ಲಿ ತುಟಿ ಅಲುಗಿಸುತ್ತಾ ಮೊದಲಿನಿಂದ ಓದಿ: ವಾಕ್ಯ ಮುಗಿದಲ್ಲಿ ಪೂರ್ಣವಿರಾಮ ಇದೆಯೇ, ಭೂತಕಾಲದಲ್ಲಿ ಶುರುವಾದದ್ದು ನಡುವೆ ವರ್ತಮಾನಕ್ಕೆ ಜಾರಿದೆಯೇ ಎಂದು ನೋಡಿ. ತಪ್ಪು ಕಂಡರೆ ಒಂದೇ ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆಯಿರಿ.