ಸ್ಪೇನ್‌ಗೆ ಹೋಗದೆ ಸ್ಪ್ಯಾನಿಷ್ ಬಂತು: ನನ್ನ ಅನುಭವ

ಡೆಲೆ ಬಿ2 ಫಲಿತಾಂಶ ಬಂದಿದೆ. ಡೆಲೆ ಅಂದರೆ ಸ್ಪೇನ್ ಕೊಡುವ ಸ್ಪ್ಯಾನಿಷ್ ಪ್ರಮಾಣಪತ್ರದ ಪರೀಕ್ಷೆ, ಬಿ2 ಅದರ ಆರು ಹಂತಗಳಲ್ಲಿ ನಾಲ್ಕನೆಯದು. ‘ಆಪ್ತೊ’, ಅಂದರೆ ಪಾಸು. ಓದು-ಬರಹದ ಗುಂಪಿನಲ್ಲಿ 50ಕ್ಕೆ 36ರ ಆಸುಪಾಸು, ಕೇಳುವ-ಮಾತಾಡುವ ಗುಂಪಿನಲ್ಲಿ 50ಕ್ಕೆ 41ಕ್ಕಿಂತ ಸ್ವಲ್ಪ ಮೇಲೆ. ಎರಡರಲ್ಲೂ ಬೇರೆಬೇರೆಯಾಗಿ 30 ಬರಲೇಬೇಕು ಅಂತ ಬರೆದವರಿಗೆ ಗೊತ್ತೇ ಇದೆ. ಮಾತಿನ ಗುಂಪಿನಲ್ಲೇ ಜಾಸ್ತಿ ಅಂಕ ಬಂದಿರುವುದನ್ನು ಗಮನಿಸಿ. ನಾನು ಸ್ಪೇನ್ ನೋಡಿಲ್ಲ, ಮೆಕ್ಸಿಕೊ ನೋಡಿಲ್ಲ, ನನ್ನ ಸುತ್ತಮುತ್ತ ಸ್ಪ್ಯಾನಿಷ್ ಆಡುವವರು ಒಬ್ಬರೂ ಇಲ್ಲ. ‘ಆ ದೇಶದಲ್ಲಿ ಆರು ತಿಂಗಳು ಇರದೆ ಬಾಯಿ ತೆರೆಯಲ್ಲ’, ‘ಗೋಡೆ ಜೊತೆ ಮಾತಾಡಿದರೆ ಭಾಷೆ ಬರುತ್ತಾ?’ ಅಂತ ನಕ್ಕವರು ಬಹಳ ಜನ. ಗೋಡೆ ಜೊತೆ ಮಾತಾಡಿಯೇ ಬಂತು. ಹೇಗೆ ಅಂತ ಬರೆಯುತ್ತೇನೆ. ಸೆರ್-ಎಸ್ತಾರ್, ಪೋರ್-ಪಾರಾ ಥರದ ವ್ಯಾಕರಣ ಎಲ್ಲ ವಿವರಿಸಲ್ಲ, ಅದಕ್ಕೆ ಪುಸ್ತಕಗಳಿವೆ.

ಮೊದಲು ಹಾಳಾದ ದುಡ್ಡಿನ ವಿಷಯ. ಶುರುವಿನಲ್ಲಿ ಎಲ್ಲರಂತೆ ನಾನೂ ಕ್ಲಾಸಿಗೆ ಸೇರಿದೆ. ಫೀಸು ಹೆಚ್ಚುಕಡಿಮೆ ಒಂದೂವರೆ ತಿಂಗಳ ಮನೆ ಬಾಡಿಗೆಯಷ್ಟು. ವಾರಕ್ಕೆ ಎರಡು ಸಲ, ಇಂಗ್ಲಿಷಿನಲ್ಲಿ ಪಾಠ. ಕೋರ್ಸು ಮುಗಿಯುವ ಹೊತ್ತಿಗೆ ಕ್ರಿಯಾಪದದ ಕೋಷ್ಟಕ ಕಣ್ಣು ಮುಚ್ಚಿ ತುಂಬುತ್ತಿದ್ದೆ. ಆದರೆ ಯಾರಾದರೂ ‘ನಿನ್ನೆ ಏನು ಮಾಡಿದೆ?’ ಅಂತ ಸ್ಪ್ಯಾನಿಷಿನಲ್ಲಿ ಕೇಳಿದರೆ ಕೋಷ್ಟಕದ ಮೂರನೇ ಸಾಲು ಹುಡುಕುತ್ತಾ ನಿಲ್ಲುತ್ತಿದ್ದೆ. ಆಮೇಲೆ ಒಂದು ಆಪ್‌ಗೆ ವರ್ಷದ ಚಂದಾ. ಒಂದು ದಿನವೂ ತಪ್ಪಿಸದೆ ಆಡಿದ್ದಕ್ಕೆ ಪದಕಗಳು ಬಂದವು, ಮಾತು ಬರಲಿಲ್ಲ. ಅದರ ಮೇಲೆ ಎರಡು ದಪ್ಪ ವ್ಯಾಕರಣ ಪುಸ್ತಕ. ಒಂದು ಇನ್ನೂ ಹೊಸದಾಗಿಯೇ ಇದೆ, ಬೇಕಾದವರು ಕೇಳಬಹುದು.

ಇಂಗ್ಲಿಷಿನ ಮೂಲಕ ಕಲಿತದ್ದೇ ದೊಡ್ಡ ಸುತ್ತು ಅಂತ ನನ್ನ ಅಭಿಪ್ರಾಯ. ‘ಮೆ ಗುಸ್ತಾ’ ವಿವರಿಸಲು ಆ ಪುಸ್ತಕ ಎರಡು ಪುಟ ತೆಗೆದುಕೊಂಡಿತ್ತು. ನಮಗೆ ಎರಡು ಸೆಕೆಂಡಿನ ಕೆಲಸ: ನನಗೆ ಇಷ್ಟ. ‘ಮೆ ದುಏಲೆ ಲಾ ಕಬೇಸಾ’ ಅಂದರೆ ನನಗೆ ತಲೆ ನೋಯುತ್ತಿದೆ. ತೂ ಮತ್ತು ಉಸ್ತೆದ್ ನಮ್ಮ ನೀನು, ನೀವು. ‘ನಾನು’ ಅಂತ ಹೇಳದೆ ಬರೀ ‘ಬರ್ತೀನಿ’ ಅಂದರೆ ಸಾಕಾಗುವ ಹಾಗೆ ಅಲ್ಲೂ ಯೊ (ನಾನು) ಬೇಕಾಗಿಲ್ಲ, ‘ಆಬ್ಲೊ’ (ಮಾತಾಡ್ತೀನಿ) ಅಂದರೆ ಮುಗಿಯಿತು. ಕನ್ನಡದಿಂದ ನೇರ ಹೋಗಿ, ನಡುವೆ ಇಂಗ್ಲಿಷ್ ನಿಲ್ದಾಣದಲ್ಲಿ ಇಳಿಯಬೇಡಿ.

ಮನೆಯ ಪ್ರಯೋಗ ಶುರುವಾದದ್ದು ಚೀಟಿಗಳಿಂದ. ಬಾಗಿಲಿಗೆ ಲಾ ಪುಏರ್ತಾ, ಕನ್ನಡಿಗೆ ಎಲ್ ಎಸ್ಪೆಹೊ, ಹೀಗೆ ಮನೆ ತುಂಬಾ ಹಳದಿ ಚೀಟಿ. ಒಂದು ವಾರ ಖುಷಿ. ಆಮೇಲೆ ಅವು ಕಣ್ಣಿಗೆ ಕಾಣಿಸುವುದೇ ನಿಂತುಹೋಯಿತು. ಮನೆಯವರು ಗುಡಿಸುವಾಗ ‘ಏನ್ರೀ, ಇದು ಬಿದ್ದಿದೆ, ಬಿಸಾಕ್ಲಾ?’ ಅಂತ ಕೇಳಿದರು. ಬಿಸಾಕಿ ಅಂದೆ. ನಾಮಪದ ಕಲಿಯುವುದಕ್ಕೆ ಚೀಟಿ ದಂಡ, ಅದು ಹೇಗಿದ್ದರೂ ಬರುತ್ತದೆ. ಕಷ್ಟ ಇರುವುದು ಕ್ರಿಯಾಪದದಲ್ಲಿ.

ಆಗ ಹೊಳೆದದ್ದೇ ಈಗ ನಾನು ಎಲ್ಲರಿಗೂ ಹೇಳುವ ದಾರಿ: ಮನೆಯ ಒಂದೊಂದು ಜಾಗಕ್ಕೆ ಕ್ರಿಯಾಪದದ ಒಂದೊಂದು ರೂಪ. ಬೆಳಿಗ್ಗೆ ಬಚ್ಚಲುಮನೆಯಲ್ಲಿ ಬರೀ ‘ವೊಯ್ ಆ’, ಅಂದರೆ ಇವತ್ತು ಏನೇನು ಮಾಡಲಿದ್ದೇನೆ ಅನ್ನುವುದು. ಬ್ಯಾಂಕಿಗೆ ಫೋನ್ ಮಾಡಲಿದ್ದೇನೆ: ವೊಯ್ ಆ ಯಾಮಾರ್ ಆಲ್ ಬಾಂಕೊ. ಅಡುಗೆಮನೆಯಲ್ಲಿ ಕೈ ಏನು ಮಾಡುತ್ತಿದೆಯೋ ಅದು ಮಾತ್ರ. ತಟ್ಟೆ ತೊಳೆಯುತ್ತಿದ್ದೇನೆ: ಎಸ್ತೊಯ್ ಲವಾಂದೊ ಲೋಸ್ ಪ್ಲಾತೋಸ್. ಮೆಟ್ಟಿಲು ಹತ್ತಿಳಿಯುವಾಗ ಚಿಕ್ಕಂದಿನ ನೆನಪು, ಅಲ್ಲಿ ಇಂಪೆರ್ಫೆಕ್ತೊ, ಅಂದರೆ ‘ಮಾಡುತ್ತಿದ್ದೆ, ಹೋಗುತ್ತಿದ್ದೆ’ ಅನ್ನುವ ರೂಪ. ರಾತ್ರಿ ಹಾಸಿಗೆ ಮೇಲೆ ಪ್ರೆತೆರಿತೊ, ಅಂದರೆ ‘ಮಾಡಿದೆ, ಹೋದೆ’ ಅಂತ ಮುಗಿದದ್ದನ್ನು ಹೇಳುವ ರೂಪ. ಹೊರಗೆ ಹೊರಡುವಾಗ ಬಾಗಿಲ ಬಳಿ ಸುಬ್ಹುಂತಿವೊ, ಅಂದರೆ ‘ಹಾಗಾಗಲಿ’ ಅಂತ ಆಸೆ ಹೇಳುವ ರೂಪ. ‘ಓಹಲಾ’ ಅಂತ ಒಂದು ಆಸೆ ಹೇಳದೆ ಚಿಲಕ ತೆಗೆಯುವಂತಿಲ್ಲ. ಮಳೆ ಬಾರದಿರಲಿ, ಬಸ್ಸು ಸಿಗಲಿ, ಮೀಟಿಂಗ್ ಬೇಗ ಮುಗಿಯಲಿ, ಏನಾದರೂ ಸರಿ.

ಜೋರಾಗಿಯೇ ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಎಲ್ಲ ಸರಿಯಾಗಿಯೇ ಕೇಳಿಸುತ್ತದೆ, ಬಾಯಿಗೆ ಬಂದಾಗಲೇ ಬಂಡವಾಳ ಗೊತ್ತಾಗುವುದು. ಪದ ಸಿಗದಿದ್ದರೆ ಆ ಕ್ಷಣ ಹುಡುಕುವುದಿಲ್ಲ. ಸುತ್ತುಬಳಸಿ ಹೇಳಿ, ಕಾಗದದಲ್ಲಿ ಗುರುತು ಹಾಕಿಕೊಂಡು, ರಾತ್ರಿ ನೋಡುವುದು. ಮೂರ್ನಾಲ್ಕು ತಿಂಗಳಿಗೆ ಸಿಂಕ್ ಮುಂದೆ ನಿಂತ ಕೂಡಲೇ ಬಾಯಲ್ಲಿ ತಾನಾಗಿ ‘ಎಸ್ತೊಯ್’ ಬರತೊಡಗಿತು. ಕ್ಲಾಸಿನ ಕೋಷ್ಟಕದಿಂದ ಅದು ಒಂದು ದಿನವೂ ಆಗಿರಲಿಲ್ಲ.

ಹಾಸಿಗೆಯ ವಿಷಯದಲ್ಲಿ ಒಂದು ಸಣ್ಣ ತೊಡಕು ಬಂತು. ‘ಇವತ್ತು ಫೋನ್ ಮಾಡಿದೆ’ ಅನ್ನಲು ಸ್ಪೇನ್‌ನ ಹೆಚ್ಚಿನ ಕಡೆ ‘ಎ ಯಾಮಾದೊ’ ಅನ್ನುತ್ತಾರೆ. ಲ್ಯಾಟಿನ್ ಅಮೆರಿಕದ ಬಹಳ ಕಡೆ ‘ಯಾಮೆ’. ಎರಡನ್ನೂ ಕಲಸಿಕೊಂಡು ತಲೆ ಕೆಟ್ಟಿತು. ಕೊನೆಗೆ ರಾತ್ರಿ ಮಲಗುವಾಗ ಇವತ್ತಿನ ಸುದ್ದಿ ಬಿಟ್ಟು ನಿನ್ನೆಯದನ್ನೇ ಹೇಳತೊಡಗಿದೆ. ‘ಆಯೆರ್’ ಅಂತ ಶುರು ಮಾಡಿದರೆ ಎರಡೂ ಕಡೆ ಪ್ರೆತೆರಿತೊವೇ. ಜೊತೆಗೆ ಒಂದು ದಿನ ಹಿಂದಿನದನ್ನು ನೆನಪಿಸಿಕೊಳ್ಳುವ ಕಸರತ್ತೂ ಆಯಿತು.

ಯಾವ ದೇಶದ ಸ್ಪ್ಯಾನಿಷ್ ಅನ್ನುವ ಚರ್ಚೆಯಲ್ಲಿ ಹೊಸಬರು ತಿಂಗಳುಗಟ್ಟಲೆ ಕಳೆಯುತ್ತಾರೆ. ಫ್ರಿಜ್ಜಿಗೆ ಸ್ಪೇನ್‌ನಲ್ಲಿ ನೆವೇರಾ, ಮೆಕ್ಸಿಕೊದಲ್ಲಿ ರೆಫ್ರಿಹೆರದೊರ್, ಅರ್ಜೆಂಟೀನಾದಲ್ಲಿ ಎಲದೇರಾ. ನಾನು ಬಾಯಿಗೆ ಒಂದೇ ದೇಶ, ಕಿವಿಗೆ ಎಲ್ಲ ದೇಶ ಅಂತ ಇಟ್ಟುಕೊಂಡೆ. ನನ್ನ ಬಾಯಿ ಮೆಕ್ಸಿಕೊದ್ದು. ಸ್ಪೇನ್‌ನವರು ಬಳಸುವ ವೊಸೊತ್ರೋಸ್ (ನೀವೆಲ್ಲ) ರೂಪಗಳನ್ನು ಕೇಳಿದರೆ ಅರ್ಥವಾಗುತ್ತದೆ, ಆಡುವುದಿಲ್ಲ. ಪರೀಕ್ಷೆಯಲ್ಲೂ ಅದಕ್ಕೆ ಅಡ್ಡಿಯಿಲ್ಲ, ಬೆರೆಸದಿದ್ದರೆ ಸಾಕು.

ಈಗ ಕಿವಿ. ಡ್ರೀಮಿಂಗ್ ಸ್ಪ್ಯಾನಿಷ್ ವಿಡಿಯೊಗಳು ಕಲಿಯುವವರಿಗೆಲ್ಲ ಗೊತ್ತು, ಸುಲಭ ಸ್ಪ್ಯಾನಿಷಿನಲ್ಲೇ ಮಾತಾಡಿ ಕೇಳಿಸಿ ಕಲಿಸುವಂಥವು. ಉಚಿತವಾಗಿ ಸಿಗುವುದೇ ಬೇಕಾದಷ್ಟಿದೆ. ಅವರ ಲೆಕ್ಕದಲ್ಲಿ ಕೊನೆಯ ಹಂತಕ್ಕೆ 1,500 ಗಂಟೆ ಕೇಳಬೇಕು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್ ಕಲಿಸಲು ಸುಮಾರು 30 ವಾರ ಇಡುತ್ತದೆ, ಅದೂ ಬೆಳಗ್ಗಿಂದ ಸಂಜೆವರೆಗೆ ಅದೇ ಕೆಲಸ. ಇದನ್ನು ನೋಡಿದ ಮೇಲೆ ‘ಮೂರು ತಿಂಗಳಲ್ಲಿ ಸರಾಗ’ ಅನ್ನುವ ಜಾಹೀರಾತುಗಳ ಮೇಲೆ ಸಿಟ್ಟು ಬರುವುದೂ ನಿಂತಿತು. ನನ್ನದು ದಿನಕ್ಕೆ ಒಂದೂವರೆ ಗಂಟೆ, ರಜೆಯಲ್ಲಿ ಎರಡು. ಎರಡು ವರ್ಷಕ್ಕೆ ಸ್ವಲ್ಪ ಜಾಸ್ತಿ. ಒಟ್ಟು ಸಾವಿರದ ಇನ್ನೂರರ ಆಸುಪಾಸು ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಕೇಳಲಿಲ್ಲ. ನೂರಾರು ಗಂಟೆ ಕೇಳುವವರೆಗೆ ಬಾಯಿ ತೆರೆಯಬೇಡಿ ಅನ್ನುತ್ತಾರೆ. ನಾನು ಅವರು ಹೇಳಿದ್ದಕ್ಕಿಂತ ಬಹಳ ಮೊದಲೇ, ಮುನ್ನೂರಕ್ಕೇ ಶುರು ಮಾಡಿದೆ. ಉಚ್ಚಾರ ಕೆಟ್ಟುಹೋಗುತ್ತದೆ ಅಂತ ಹೆದರಿಸಿದರು. ಕೆಡಲಿಲ್ಲ. ನಮ್ಮ ಪ, ತ, ಕ ಸ್ಪ್ಯಾನಿಷಿಗೆ ಹಾಗೇ ಹೊಂದುತ್ತವೆ. ಪೆರೊ (ಆದರೆ) ಮತ್ತು ಪೆರ್ರೊ (ನಾಯಿ) ನಡುವೆ ಇಂಗ್ಲಿಷಿನವರು ಒದ್ದಾಡುತ್ತಾರೆ. ‘ಗಿರ್ರನೆ’, ‘ಸರ್ರನೆ’ ಅನ್ನುವ ನಾಲಿಗೆಗೆ ಅದು ಯಾವ ಲೆಕ್ಕ! ನಮ್ಮ ತೊಂದರೆ ಬೇರೆ. ಪದದ ಮೊದಲು ಎ ಬಂದರೆ ಯೆ ಅನ್ನುತ್ತೇವೆ, ಒ ಬಂದರೆ ವೊ ಅನ್ನುತ್ತೇವೆ. ‘ಎಸ್ತಾ’ ನನ್ನ ಬಾಯಲ್ಲಿ ‘ಯೆಸ್ತಾ’ ಆಗುತ್ತಿತ್ತು, ‘ಓಚೊ’ ‘ವೋಚೊ’ ಆಗುತ್ತಿತ್ತು. ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ನನ್ನದೇ ದನಿ ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯಿತು. ಎರಡು ವಾರ ಬರೀ ಎ ಮತ್ತು ಒ ದಿಂದ ಶುರುವಾಗುವ ಪದಗಳನ್ನೇ ಹೇಳಿ ಸರಿಮಾಡಿಕೊಂಡೆ. ಇನ್ನೊಂದು ತೊಂದರೆ ಲಿಂಗ. ಮೇಜು ಹೆಣ್ಣು ಅಂದರೆ ನಮಗೆ ಒಗ್ಗುವುದಿಲ್ಲ, ಅಲ್ವಾ? ಬಣ್ಣದ ಚೀಟಿ ಅಂಟಿಸುವ ಉಪಾಯ ಕೆಲಸ ಮಾಡಲಿಲ್ಲ. ನಾಮಪದವನ್ನು ಯಾವತ್ತೂ ಒಂಟಿಯಾಗಿ ಕಲಿಯದೆ, ಜೊತೆಗೊಂದು ವಿಶೇಷಣ ಕಟ್ಟಿದೆ. ಲಾ ಮಾನೊ ಫ್ರಿಯಾ, ತಣ್ಣನೆ ಕೈ. ‘ಮಾನೊ’ ಅನ್ನುವ ಪದ ಗಂಡಿನ ಹಾಗೆ ಕಂಡರೂ ‘ಫ್ರಿಯಾ’ ಗುಟ್ಟು ಬಿಟ್ಟುಕೊಡುತ್ತದೆ.

ರೇಡಿಯೊ ಪುರಾಣ ಸ್ವಲ್ಪ ಹೇಳಲೇಬೇಕು. ಸ್ಪೇನ್‌ನ ಸರ್ಕಾರಿ ರೇಡಿಯೊ, ಆರ್‌ಎನ್‌ಇ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಅದು ಬರೀ ಗದ್ದಲ. ಸೆಕೆಂಡಿಗೆ ಏಳೆಂಟು ಅಕ್ಷರ ಸುರಿಯುತ್ತಾರೆ, ಎಲ್ಲಿ ಪದ ಮುಗಿಯಿತು ಅಂತಲೇ ತಿಳಿಯದು. ಪೂರ್ತಿಯಾಗಿ ಕಿವಿಗೆ ಬಿದ್ದ ಮೊದಲ ಸಾಲು ಗಂಟೆ ಹೇಳುವುದು: ‘ಲಾಸ್ ನುಏವೆ, ಲಾಸ್ ಓಚೊ ಎನ್ ಕನಾರಿಯಾಸ್’. ಒಂಬತ್ತು ಗಂಟೆ, ಕೆನರಿ ದ್ವೀಪಗಳಲ್ಲಿ ಎಂಟು. ಅಲ್ಲಿ ಒಂದು ಗಂಟೆ ಹಿಂದೆ, ಹಾಗಾಗಿ ಗಂಟೆ ಹೇಳಿದಾಗಲೆಲ್ಲ ಇದನ್ನೂ ಸೇರಿಸುತ್ತಾರೆ. ಪಾತ್ರೆ ತೊಳೆಯುತ್ತಾ ಕಾದು ಕೂತು, ಅವರಿಗಿಂತ ಮೊದಲು ನಾನೇ ಹೇಳಿಬಿಡುತ್ತಿದ್ದೆ. ಅದರಿಂದ ಸಂಖ್ಯೆಗಳು ಗಟ್ಟಿಯಾದವು. ಸಂಖ್ಯೆ ಗಟ್ಟಿಯಾದ ಮೇಲೆ ಹವಾಮಾನ, ಆಮೇಲೆ ಫುಟ್‌ಬಾಲ್ ಫಲಿತಾಂಶ, ಆಮೇಲೆ ಸುದ್ದಿ.

ನಡುವೆ ಏನೇನೋ ಮಾಡಿ ನೋಡಿದೆ. ನಿದ್ದೆಯಲ್ಲಿ ರೇಡಿಯೊ ಹಾಕಿಕೊಂಡದ್ದು ಸುಮ್ನೆ ನಿದ್ದೆ ಹಾಳು. ಫುಟ್‌ಬಾಲ್ ನೇರ ವಿವರಣೆಯೂ ದಂಡ, ಆಟಗಾರರ ಹೆಸರು ಬಿಟ್ಟರೆ ಉಳಿದದ್ದು ಕಿರುಚಾಟ. ಮಕ್ಕಳ ಕಾರ್ಟೂನ್ ಸುಲಭ ಅನ್ನುವುದು ಸುಳ್ಳು, ಆ ಕೀರಲು ದನಿ ಯಾರಿಗೂ ಅರ್ಥವಾಗದು. ಅದಕ್ಕಿಂತ ಬೇರೆ ಭಾಷೆಯಿಂದ ಸ್ಪ್ಯಾನಿಷಿಗೆ ಡಬ್ ಮಾಡಿದ ಧಾರಾವಾಹಿ ಮೇಲು. ಸ್ಟುಡಿಯೊದಲ್ಲಿ ನಿಂತು ಬಿಡಿಸಿ ಬಿಡಿಸಿ ಹೇಳಿರುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ ನೋಡಿದ ಮೊದಲ ವರ್ಷದ ಗಂಟೆಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಕಿವಿ ಮುಚ್ಚಿಕೊಂಡು ಓದಿದ್ದೇ ಆಯಿತು. ಫೋನನ್ನು ಸ್ಪ್ಯಾನಿಷಿಗೆ ಬದಲಿಸಿದ್ದರಿಂದ ಹತ್ತಿಪ್ಪತ್ತು ಪದ ಬಂತು, ಅಷ್ಟೇ. ಆದರೆ ಮ್ಯಾಪಿನ ದನಿ ಬಹಳ ಕಲಿಸಿತು. ಗೊತ್ತಿರುವ ದಾರಿಗೂ ಹಾಕಿಕೊಂಡು ನಡೆದೆ. ದೆರೇಚಾ ಅಂದರೆ ಬಲಕ್ಕೆ, ದೆರೇಚೊ ಅಂದರೆ ಲ್ಯಾಟಿನ್ ಅಮೆರಿಕದ ಕಡೆ ನೇರಕ್ಕೆ. ಕೊನೆಯ ಒಂದು ಸ್ವರ ಎಷ್ಟು ಬೆಲೆಬಾಳುತ್ತದೆ ಅಂತ ಕಾಲಿಗೆ ಗೊತ್ತಾದರೆ ಕಿವಿ ತಾನೇ ಚುರುಕಾಗುತ್ತದೆ.

ಗೋಡೆಯ ಜೊತೆ ಮಾತಾಡಿದ್ದನ್ನು ಯಾರಾದರೂ ತಿದ್ದಬೇಕಲ್ಲ. ಮೊದಲು ಉಚಿತ ವಿನಿಮಯ ಮಾಡಿದೆ, ನಾನು ಅವರಿಗೆ ಇಂಗ್ಲಿಷ್, ಅವರು ನನಗೆ ಸ್ಪ್ಯಾನಿಷ್. ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲೇ ಹೋಗುತ್ತಿತ್ತು, ಎರಡು ವಾರಕ್ಕೆ ಜನ ಮಾಯ. ಕೊನೆಗೆ ವಾರಕ್ಕೆ ಅರ್ಧ ಗಂಟೆ ದುಡ್ಡು ಕೊಟ್ಟು ಆನ್‌ಲೈನ್ ಮಾತುಗಾರರೊಬ್ಬರನ್ನು ಹಿಡಿದೆ. ಶಿಕ್ಷಕರಲ್ಲ, ಸುಮ್ನೆ ಮಾತಾಡುವವರು, ದರವೂ ಕಮ್ಮಿ. ಷರತ್ತು ಒಂದೇ: ನಡುವೆ ತಿದ್ದಬಾರದು, ಕೊನೆಗೆ ಐದು ತಪ್ಪು ಬರೆದು ಕಳಿಸಬೇಕು. ಆರನೆಯದು ಬೇಡ. ಆ ಐದನ್ನೇ ಇಡೀ ವಾರ ಆಯಾ ಜಾಗದಲ್ಲಿ ಹೇಳುವುದು, ಬಚ್ಚಲಿನದು ಬಚ್ಚಲಿನಲ್ಲಿ, ಬಾಗಿಲಿನದು ಬಾಗಿಲಲ್ಲಿ. ಎರಡು ವರ್ಷದ ಈ ಖರ್ಚು, ಅಗ್ಗದ ಇಯರ್‌ಫೋನ್ ಎರಡು, ಹಳೆ ಕಥೆಪುಸ್ತಕ ಕೆಲವು, ಎಲ್ಲ ಸೇರಿಸಿದರೂ ಆ ಮೊದಲ ಕ್ಲಾಸಿನ ಫೀಸು ದಾಟಲಿಲ್ಲ. ದೊಡ್ಡ ಖರ್ಚು ಅಂದರೆ ಪರೀಕ್ಷೆ ಶುಲ್ಕ.

ಚೀಟಿಗಳ ಹಾಗೆ ಮತ್ತೆ ಮತ್ತೆ ತೋರಿಸಿ ನೆನಪಿಡಿಸುವ ಆಂಕಿ ಆಪ್ ಅನ್ನೂ ಬಳಸಿದೆ, ದಿನಕ್ಕೆ ಹತ್ತು ನಿಮಿಷ, ಪದವಲ್ಲ, ವಾಕ್ಯ. ಯಾವ ವಾಕ್ಯ ಒಳಗೆ ಹೋಗಬೇಕು, ಯಾವುದು ಬೇಡ ಅಂತ ಆರಿಸುವುದಕ್ಕೆ ನನ್ನದೊಂದು ಜರಡಿ ಇದೆ. ಅದು ನನ್ನ ಹತ್ತಿರವೇ ಇರಲಿ. ಮೌಖಿಕ ಪರೀಕ್ಷೆಗೆ ಕೊನೆಯ ಎರಡು ವಾರ ಏನು ಮಾಡಿದೆ ಅನ್ನುವುದೂ ಅಷ್ಟೇ, ಅಂಕ ಸುಮ್ನೆ ಬಂದಿಲ್ಲ.

ಡೆಲೆಯೋ, ಸಿಯೆಲೆ ಅನ್ನುವ ಇನ್ನೊಂದು ಸ್ಪ್ಯಾನಿಷ್ ಪರೀಕ್ಷೆಯೋ ಅಂತ ಕೇಳುವವರಿಗೆ: ಸಿಯೆಲೆ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ, ಡೆಲೆಗೆ ಅವಧಿಯಿಲ್ಲ. ಒಂದೇ ಸಲ ದುಡ್ಡು ಕಟ್ಟುವುದಾದರೆ ಡೆಲೆ. ಬೇಗ ಫಲಿತಾಂಶ ಬೇಕಾದರೆ ಸಿಯೆಲೆ, ಡೆಲೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕು.

ಮುಂದಿನ ಹಂತ ಸಿ1 ಸದ್ಯಕ್ಕಿಲ್ಲ, ಆ ಶುಲ್ಕಕ್ಕೆ ಇನ್ನೊಂದು ವರ್ಷದ ಮಾತುಗಾರರು ಸಿಗುತ್ತಾರೆ. ಈಗ ಚಿಲಿಯ ಪಾಡ್‌ಕಾಸ್ಟ್ ಹಿಡಿದಿದ್ದೇನೆ. ಪದದ ಕೊನೆಯ ಸ ನುಂಗಿ, ಗಾಳಿಯ ಹಾಗೆ ಓಡುತ್ತಾರೆ. ಮುಕ್ಕಾಲು ವೇಗದಲ್ಲಿ ಹಾಕಿದರೂ ಅರ್ಧ ತಪ್ಪಿಹೋಗುತ್ತಿದೆ. ಅದಕ್ಕೆ ಮನೆಯಲ್ಲಿ ಯಾವ ಜಾಗ ಕೊಡಬೇಕು ಅಂತ ಇನ್ನೂ ಗೊತ್ತುಮಾಡಿಲ್ಲ, ಬಟ್ಟೆ ಮಡಚುವ ಹೊತ್ತು ಖಾಲಿ ಇದೆ.